ಪ್ರತಿಕ್ರಿಯೆ: ಕೆಳದಿ ಚೆನ್ನಮ್ಮನ ಕಥೆ ಓದಿದರೆ ಐದು ವರ್ಷದ ಮಗಳು ಎದ್ದು ಹೋಗುತ್ತಾಳೆ
ಎರಡೇ ಪುಟಕ್ಕೆ ಎದ್ದು ಹೋಗುತ್ತಾಳೆ ಅಂದರೆ ತೊಂದರೆ ಹೆಚ್ಚಾಗಿ ಆರಂಭದಲ್ಲೇ ಇದೆ. ಇಂಥ ಪುಸ್ತಕಗಳು ಸಾಮಾನ್ಯವಾಗಿ ವಂಶಾವಳಿ, ಇಸವಿಗಳಿಂದ ಶುರುವಾಗುತ್ತವೆ. ಆ ವಯಸ್ಸಿಗೆ ಅದು ಹತ್ತುವುದಿಲ್ಲ.

ಮೊದಲು ನೀವೊಬ್ಬರೇ ಓದಿ, ಒಂದೇ ಘಟನೆಗೆ ಪೆನ್ಸಿಲ್ ಗುರುತು ಹಾಕಿ. ನನ್ನ ಆಯ್ಕೆ ರಾಜಾರಾಮನ ಪ್ರಸಂಗ: ಔರಂಗಜೇಬನ ಸೈನ್ಯ ಬೆನ್ನಟ್ಟಿದೆ, ಶಿವಾಜಿಯ ಮಗ ಆಶ್ರಯ ಕೇಳುತ್ತಾನೆ, ರಾಣಿ ಕೊಡುತ್ತಾಳೆ. ನೇರ ಅಲ್ಲಿಂದಲೇ ಓದಿ, ಏಳೆಂಟು ನಿಮಿಷದಲ್ಲಿ ಮುಗಿಸಿ. ಉದ್ದ ವಾಕ್ಯಗಳನ್ನು ಓದುತ್ತಲೇ ಎರಡಾಗಿ ಒಡೆಯಿರಿ. ರಾಣಿ ಉತ್ತರ ಕೊಡುವ ಮುಂಚೆ ನಿಲ್ಲಿಸಿ, "ನೀನಾಗಿದ್ರೆ ಒಳಗೆ ಬಿಡ್ತಿದ್ಯಾ?" ಅಂತ ಕೇಳಿ. ಸುಮ್ಮನಿದ್ದರೂ ಕಾಯಿರಿ. ಒಂದೇ ಪ್ರಶ್ನೆ ಸಾಕು, ಹೆಚ್ಚಾದರೆ ಪರೀಕ್ಷೆ ಕೊಟ್ಟ ಹಾಗಾಗುತ್ತದೆ. ಮರುದಿನ ಅದನ್ನೇ ಕೇಳಿದರೆ ಅದನ್ನೇ ಓದಿ, ಮುಂದಕ್ಕೆ ಎಳೆಯಬೇಡಿ.

ಸಾವಿನ ವಿಷಯ ಮುಚ್ಚಿಡಬೇಕಾ ಅಂತ ಕೇಳಿದ್ದೀರಿ. ಬೇಡ. "ಗಂಡ ತೀರಿಕೊಂಡರು, ಆಮೇಲೆ ಅವಳೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಆಳಿದಳು" ಅಷ್ಟು ಸಾಕು. ಯುದ್ಧದ ವರ್ಣನೆ ಎಷ್ಟು ತಡೆದುಕೊಳ್ಳುತ್ತಾಳೆ ಅನ್ನೋದು ಮಗುವಿನಿಂದ ಮಗುವಿಗೆ ಬೇರೆ, ಅವಳ ಮುಖ ನೋಡಿ ನಿರ್ಧರಿಸಿ.

ಕಿತ್ತೂರು ಚೆನ್ನಮ್ಮನನ್ನು ಈಗಲೇ ತರಬೇಡಿ. 1824ರಲ್ಲಿ ಬ್ರಿಟಿಷರ ಜೊತೆ ಹೋರಾಡಿದ ಆಕೆಯೂ ಈಕೆಯೂ ಮಕ್ಕಳ ತಲೆಯಲ್ಲಿ ಒಬ್ಬರೇ ಆಗಿಬಿಡುತ್ತಾರೆ. ಮುಂದಿನದಕ್ಕೆ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ಒಳ್ಳೆಯದು. ಕೆಳದಿ ಚೆನ್ನಮ್ಮನ ಕಥೆ ಹಿಡಿಸಿದ ಮೇಲೆ, ಕೆಳದಿ ಅರಸರ ರಾಜಧಾನಿಯಾಗಿದ್ದ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕೋಟೆಗೆ ಕರೆದುಕೊಂಡು ಹೋಗಿ. ಮಳೆಗಾಲ ಬೇಡ, ಕಲ್ಲು ಜಾರುತ್ತದೆ.