ಆ ಕಂದು ನೀರು ಚೆಲ್ಲಬೇಡಿ ಸರ್

ಅಲ್ಡ್ರೊವಾಂಡಾ (ನೀರಲ್ಲಿ ತೇಲುತ್ತಾ ಪುಟ್ಟ ಜೀವಿಗಳನ್ನು ಹಿಡಿದು ತಿನ್ನುವ ಗಿಡ) ತುದಿ ಸಣ್ಣಗಾಗುತ್ತಿದೆ, ನೀರು ಚಹಾ ಬಣ್ಣಕ್ಕೆ ತಿರುಗಿದೆ, ಅದಕ್ಕೇ ಕೊಳ ಖಾಲಿ ಮಾಡಿ ನಲ್ಲಿ ನೀರು ತುಂಬಿಸಿದೆ ಅಂತ ಬರೆದಿದ್ದೀರಿ. ಓದಿ ತಲೆ ಚಚ್ಚಿಕೊಂಡೆ. ನಾನೂ ಥೇಟ್ ಇದನ್ನೇ ಮಾಡಿದ್ದೆ.

ನೀರು ಕನ್ನಡಿ ಹಾಗಿರಬೇಕು ಅನ್ನೋ ಹುಚ್ಚು ಆಗ. ತಳದ ಎಲೆಕಸವನ್ನೆಲ್ಲ ಬಾಚಿ ತೆಗೆದು ನಲ್ಲಿ ತಿರುಗಿಸಿದೆ. ಸಾಲದ್ದಕ್ಕೆ ಅದೇ ಕೊಳದ ನೈದಿಲೆಗೆ ಒಂದು ಗೊಬ್ಬರದ ಗುಳಿಗೆ! ಹತ್ತೇ ದಿನಕ್ಕೆ ಕೂದಲು ಪಾಚಿ ಎದ್ದಿತು. ಒಂದು ಎಳೆ ಎತ್ತಿದರೆ ಗಿಡ ಯಾವುದು, ಪಾಚಿ ಯಾವುದು ಗೊತ್ತಾಗಲಿಲ್ಲ. ಬಿಡಿಸಲು ಹೋದೆ, ಕಾಂಡದ ಸುತ್ತ ಉಂಗುರದ ಹಾಗೆ ಕೂತ ಎಲೆಸುತ್ತುಗಳು ಒಂದೊಂದಾಗಿ ಬೆರಳಿಗೇ ಕಳಚಿ ಬಂದವು. ತುದಿಯ ಹೊಸ ಸುತ್ತುಗಳಲ್ಲಿ ಬೇಟೆ ಹಿಡಿಯುವ ಟ್ರ್ಯಾಪೇ ಇಲ್ಲ, ಬರೀ ಕಡ್ಡಿ.

ಈ ಗಿಡಕ್ಕೆ ಬೇರಿಲ್ಲ, ಎಲ್ಲವೂ ನೀರಿನಿಂದಲೇ ಬರಬೇಕು. ಕೊಳೆಯುವ ಎಲೆ ಬಿಡುವ ಕಾರ್ಬನ್ ಡೈಆಕ್ಸೈಡ್ ಮೇಲೆ ಅದರ ಜೀವ ನಿಂತಿದೆ. ಪಾಚಿ ಅದನ್ನೆಲ್ಲ ಹೀರಿಕೊಳ್ಳುತ್ತದೆ. ಅದು ಮುಗಿದಷ್ಟೂ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಏರುತ್ತದೆ. ಬೆಳಿಗ್ಗೆ ಪಿಎಚ್ ನೋಡಿ ಖುಷಿಪಡಬೇಡಿ, ಮಧ್ಯಾಹ್ನ ಮೂರಕ್ಕೆ ನೋಡಿ. ಪಾಚಿ ಕೊಳದಲ್ಲಿ 9 ದಾಟಿರಬಹುದು.

ನನ್ನ ಕೈ ಹಿಡಿದದ್ದು ಜೇಕು, ಅದೇ ನೀರಂಚಿನಲ್ಲಿ ಬೆಳೆಯುವ ಹುಲ್ಲಿನಂಥ ಗಿಡ. ಮಳೆ ನೀರು, ತಳ ಮುಚ್ಚುವಷ್ಟು ಒಣ ಜೇಕಿನ ಎಲೆ, ಅಂಚಿಗೆ ಜೀವಂತ ಜೇಕಿನ ಬುಡಗಳು. ಮಿಕ್ಕ ಗೊಬ್ಬರದ ಅಂಶವನ್ನು ಅವೇ ಎಳೆದುಕೊಳ್ಳುತ್ತವೆ, ನೆರಳೂ ಆಯಿತು. ಎರಡು ತಿಂಗಳು ಸುಮ್ನೆ ಬಿಟ್ಟು, ಆಮೇಲೆ ಗಿಡ ಬಿಟ್ಟೆ. ಹಸಿ ಎಲೆ ಮಾತ್ರ ಹಾಕಬೇಡಿ, ನೀರು ನಾರುತ್ತದೆ. ಒಣಗಿದ್ದನ್ನೂ ಜಾಸ್ತಿ ಸುರಿಯಬೇಡಿ, ತಿಳಿ ಚಹಾ ಸಾಕು, ಕಷಾಯ ಬೇಡ. ತಳಕ್ಕೆ ಹಾಕುವ ಪೀಟ್ (ಜೌಗಿನಲ್ಲಿ ಅರೆಕೊಳೆತ ಸಸ್ಯದ ಪುಡಿ) ಯಾವ ಬ್ರ್ಯಾಂಡ್ ಅಂತ ಕೇಳುತ್ತೀರಿ ಅಲ್ವಾ? ಹೆಸರು ಬಿಡಿ, ಚೀಲದ ಹಿಂಭಾಗ ಓದಿ. ಪೋಷಕಾಂಶ ಸೇರಿಸಿದ್ದರೆ ಅದು ಹೂಕುಂಡಕ್ಕೆ. ದುಬಾರಿ ‘ಪಾಚಿ ನಾಶಕ’ಗಳನ್ನಂತೂ ಮುಟ್ಟಬೇಡಿ. ತಾಮ್ರ ಇರುವುದಾದರೆ ಈ ಗಿಡ ಹಿಡಿದು ತಿನ್ನುವ ಡ್ಯಾಫ್ನಿಯಾ ಎಂಬ ಪುಟ್ಟ ನೀರುಜೀವಿ ಮೊದಲು ಸಾಯುತ್ತದೆ, ಆಮೇಲೆ ಗಿಡಕ್ಕೆ ಊಟ ಎಲ್ಲಿಂದ? ಮೀನಿನ ಆಹಾರ ಉದುರಿಸುವ ಪುಣ್ಯಾತ್ಮರಿಗೂ ಹೇಳುವುದು ಇಷ್ಟೇ, ಬೇಡ. ಗೊದಮೊಟ್ಟೆ ಕಂಡರೆ ಎತ್ತಿ ಬೇರೆಡೆ ಬಿಡಿ, ತುದಿಯನ್ನೇ ಮೇಯುತ್ತವೆ.

ಇನ್ನೊಂದು, ಫೋಟೊದ ಮೂಲೆಯಲ್ಲಿ ಹಳದಿ ಹೂವಿನ ಯುಟ್ರಿಕ್ಯುಲೇರಿಯಾ ಗಿಬ್ಬಾ (ಇದೂ ಬೇಟೆಯಾಡುವ ನೀರುಗಿಡವೇ, ದಾರದಂಥದ್ದು) ಕಾಣಿಸಿತು. ಚೆಂದವೇ, ಆದರೆ ಒಮ್ಮೆ ಹೊಕ್ಕರೆ ಅಲ್ಡ್ರೊವಾಂಡಾವನ್ನು ದಾರದ ಉಂಡೆಯೊಳಗೆ ಸುತ್ತಿಡುತ್ತದೆ. ಅದಕ್ಕೆ ಬೇರೆ ಟಬ್ ಕೊಡಿ. ಹೆಚ್ಚಾದದ್ದನ್ನು ಒಣಗಿಸಿ ಎಸೆಯಿರಿ, ಕೆರೆಗೆ ಬಿಡಬೇಡಿ, ದಯವಿಟ್ಟು.

ಈಗ ಕೊಳದ ಚಿಂತೆ ಬಿಡಿ. ಉಳಿದ ಎಳೆಗಳಲ್ಲಿ ಪಾಚಿ ಹತ್ತದ ತುದಿಗಳನ್ನಷ್ಟೇ ಕತ್ತರಿಸಿ, ಮಳೆ ನೀರಿನಲ್ಲಿ ಅಲುಗಾಡಿಸಿ ತೊಳೆದು, ಒಣ ಜೇಕು ನೆನೆಸಿಟ್ಟ ಬಕೆಟ್‌ನಲ್ಲಿ ತೇಲಿಬಿಡಿ. ಎಳೆಯ ಹಿಂಭಾಗ ಕಂದಾದರೆ ಗಾಬರಿ ಬೇಡ, ಮುಂದೆ ಬೆಳೆಯುತ್ತಾ ಹಿಂದೆ ಸಾಯುವ ಗಿಡ ಅದು. ತುದಿ ನೋಡಿ. ಸರಿಹೋದರೆ ಸುಮಾರು ದಿನಕ್ಕೊಂದು ಹೊಸ ಸುತ್ತು ಬರುತ್ತದೆ. ಒಂದು ವಾರ ಎಣಿಸಿ ಇಲ್ಲೇ ಹಾಕಿ.