ಮಾಂಗಾದಲ್ಲಿ (ಜಪಾನಿನ ಚಿತ್ರಕಥೆ) ಒಂದೇ ಹುಡುಗಿ ಒಮ್ಮೆ ಡ್ಯೂಕ್ ಮಗಳು, ಇನ್ನೊಮ್ಮೆ ಮಾರ್ಕ್ವಿಸ್ ಮಗಳು. ಯಾಕೆ?

ಬಹುಶಃ ಅನುವಾದದ ಎಡವಟ್ಟು. ಜಪಾನಿಯಲ್ಲಿ ಕುಲೀನರ ಪದವಿಯಾದ ಡ್ಯೂಕ್ ಅಂದರೂ 'ಕೋಶಾಕು', ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಮಾರ್ಕ್ವಿಸ್ ಅಂದರೂ 'ಕೋಶಾಕು'. ಉಚ್ಚಾರ ಒಂದೇ, ಬರೆಯುವ ಅಕ್ಷರ ಬೇರೆ. ಮೂಲ ಪುಟ ಸಿಕ್ಕರೆ ಪದದ ಮೊದಲ ಅಕ್ಷರ ನೋಡಿ. ನಾಲ್ಕೇ ಗೆರೆಯ ಸರಳ ಅಕ್ಷರವಾದರೆ ಡ್ಯೂಕ್, ಒಂಬತ್ತು ಗೆರೆಯದಾದರೆ ಮಾರ್ಕ್ವಿಸ್. ಬರೀ ಕಿವಿ ನಂಬಿದರೆ ಕೆಟ್ಟಿರಿ!

ಕಥೆಯಲ್ಲಿ ಹೆಸರು, ಗೌನು ಎಲ್ಲ ಯುರೋಪಿನದು. ಆದರೆ ಈ ಪದವಿಗಳು ಜಪಾನಿನಲ್ಲೇ ನಿಜವಾಗಿ ಇದ್ದವು. 1884ರಲ್ಲಿ ಆಗಿನ ಚಕ್ರವರ್ತಿ ಮೇಜಿಯ ಸರ್ಕಾರ ಐದು ದರ್ಜೆ ಮಾಡಿತು: ಕೋಶಾಕು, ಇನ್ನೊಂದು ಕೋಶಾಕು, ಹಕುಶಾಕು (ಕೌಂಟ್), ಶಿಶಾಕು (ವೈಕೌಂಟ್), ದನ್ಶಾಕು (ಬ್ಯಾರನ್). 1947ರಲ್ಲಿ ಹೊಸ ಸಂವಿಧಾನದ ಜೊತೆ ಎಲ್ಲ ರದ್ದಾಯಿತು.

ಮದುವೆಯಾದ ಮೇಲೆ ನಾಯಕನ ಹೆಸರು ಬದಲಾಗುವ ಗೊಂದಲಕ್ಕೂ ಬೇರು ಜಪಾನಿನಲ್ಲೇ ಇದೆ. ಗಂಡು ಮಕ್ಕಳಿಲ್ಲದ ಮನೆಗೆ ಅಳಿಯನನ್ನೇ ದತ್ತು ತೆಗೆದುಕೊಂಡು ಮನೆತನದ ಹೆಸರು ಕೊಡುವುದು ಜಪಾನಿನ ಹಳೇ ಪದ್ಧತಿ, 'ಮುಕೊಯೋಶಿ'. ನಮ್ಮ ಮನೆ ಅಳಿಯನ ಹಾಗೆ, ಅಲ್ವಾ? ಅಲ್ಲಿ ಮನೆತನದ ಹೆಸರೂ ಬದಲಾಗುತ್ತದೆ, ಅಷ್ಟೇ. ಹಾಗಾಗಿ ಮದುವೆಯಾದ ಮೇಲೆ ನಾಯಕನ ಹೆಸರೇ ಬದಲಾದರೆ ಅದನ್ನು ಅಚ್ಚಿನ ತಪ್ಪು ಅಂದುಕೊಳ್ಳಬೇಡಿ.