ಎರಡು ಪುಟದ ಬೈಗುಳ, ಒಂದು ಟರ್ಪಾಲು

ರಾತ್ರಿ ಕೂತು ತಮ್ಮನ್ನು ತಾವೇ ಬೈದುಕೊಳ್ಳುವುದನ್ನು ಆತ್ಮಾವಲೋಕನ ಎಂದು ತಿಳಿದವರು ನನ್ನ ಬಳಿ ಆಪ್ತಸಲಹೆಗೆ ಬರುತ್ತಲೇ ಇರುತ್ತಾರೆ. ಅದಕ್ಕಾಗಿಯೇ ಈ ಪ್ರಕರಣ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕರು, ಐವತ್ತು ದಾಟಿದವರು. ಸಿಟ್ಟು ಜಾಸ್ತಿ, ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡುವುದಿಲ್ಲ. "ದಿನಾ ಬರೆದು ನನ್ನನ್ನು ನಾನೇ ಪರೀಕ್ಷೆ ಮಾಡಿಕೊಳ್ತೇನೆ ಮೇಡಂ, ಆದ್ರೂ ಎಂತ ಬದಲಾವಣೆ ಇಲ್ಲ" ಎಂದು ನೋಟ್‌ಬುಕ್ ಮುಂದಿಟ್ಟರು.

ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಮಳೆಗೆ ನೆನೆದ ದಿನದ ಎರಡು ಪುಟ ಓದಿದೆವು. ನಾನು ಕೋಪಿಷ್ಠ, ನನ್ನಿಂದ ಯಾರಿಗೂ ಸುಖವಿಲ್ಲ, ನನ್ನ ಜನ್ಮವೇ ಇಷ್ಟು... ಪೆನ್ಸಿಲ್ ಕೊಟ್ಟು, ಆ ಹೊತ್ತಿಗೆ ಅಂಗಳದಲ್ಲಿದ್ದ ಅಪರಿಚಿತರಿಗೆ ಕಾಣುವಂಥದ್ದು, ಕೇಳುವಂಥದ್ದು ಇದ್ದರೆ ಅದಕ್ಕೆ ಮಾತ್ರ ಅಡಿಗೆರೆ ಹಾಕಿ ಎಂದೆ. ಸಿಕ್ಕಿದ್ದು ಒಂದೇ ಸಾಲು: ಕೆಲಸದವರ ಎದುರು ಹೆಂಡತಿಗೆ ಬೈದೆ. ಬೆಳಗ್ಗಿನಿಂದ ನಡೆದದ್ದನ್ನು ಅಂಥ ಸಾಲುಗಳಲ್ಲೇ ಹೇಳಿ ಎಂದೆ. ಹೇಳುತ್ತಾ ಹೋದವರು ನಡುವೆ ತಡೆದರು. ಅಡಿಕೆಗೆ ಮುಚ್ಚುವ ಟರ್ಪಾಲನ್ನು ಬೆಳಗ್ಗೆ ಅವರೇ ಗೊಬ್ಬರದ ರಾಶಿಗೆ ಹೊದಿಸಿದ್ದರು. ಮನೆಯಲ್ಲಿ ಹೇಳಿರಲಿಲ್ಲ.

"ಇಷ್ಟೆಲ್ಲ ಬರೆದು ಇದನ್ನೊಂದೇ ಬಿಟ್ಟಿದ್ದೇನೆ ಅಲ್ವಾ ಮೇಡಂ?"

ಬಿಟ್ಟುಹೋಗುವುದು ಯಾವಾಗಲೂ ಇಂಥದ್ದೇ. "ನಾನೇ ಕೆಟ್ಟವ" ಎನ್ನುವುದು ವಿನಯದಂತೆ ಕಂಡರೂ ತಪ್ಪಿಸಿಕೊಳ್ಳುವ ದಾರಿ. ಸ್ವಭಾವವೇ ಹೀಗೆ ಎಂದಮೇಲೆ ಇಂದಿನ ತಪ್ಪಿಗೆ ಕ್ಷಮೆ ಕೇಳಬೇಕಾಗಿಲ್ಲ, ನಾಳೆ ಏನನ್ನೂ ತಿದ್ದಬೇಕಾಗಿಲ್ಲ. ಹಾಗಾದರೆ ಪಶ್ಚಾತ್ತಾಪವೇ ಬೇಡವೇ ಎಂದು ಆಕ್ಷೇಪಿಸುವವರಿದ್ದಾರೆ. ಖಂಡಿತ ಬೇಕು, ಆದರೆ ಯಾವ ಕೆಲಸಕ್ಕೆ, ಯಾರ ಬಳಿ ಎಂದು ಗೊತ್ತಿರಬೇಕು.

ನಾನು ಕೊಟ್ಟ ಕ್ರಮ ಇದು. ಊಟವಾದ ಮೇಲೆ ಮೇಜಿನ ಹತ್ತಿರ ಕೂತು, ಗಡಿಯಾರ ನೋಡಿ 15 ನಿಮಿಷ. ಹಾಸಿಗೆಯಲ್ಲಿ ಬೇಡ, ಅಲ್ಲಿ ಬರೆಯುವುದು ಕೊರಗಾಗಿ ನಿದ್ದೆ ಕೆಡಿಸುತ್ತದೆ. ದಿನದ ಒಂದೇ ಘಟನೆ. ಮೊದಲು ನಡೆದದ್ದು, ಆಡಿದ ಮಾತು ಆಡಿದ ಹಾಗೆಯೇ. ಆಮೇಲೆ ಆ ಕ್ಷಣ ಮೈಯಲ್ಲಿ ಏನಾಯಿತು, ಮನಸ್ಸಿಗೆ ಏನು ಬೇಕಿತ್ತು. ಅದಾದ ಮೇಲೆ ನನ್ನ ಪಾಲು, ಒಂದೆರಡು ಸಾಲು. ಇನ್ನೊಬ್ಬರ ಪಾಲಿನ ಲೆಕ್ಕ ಈ ಪುಸ್ತಕದಲ್ಲಿ ಬೇಡ. ಕೊನೆಗೆ ನಾಳೆ ಸಂಜೆಯೊಳಗೆ ಮಾಡುವ ಒಂದು ಕೆಲಸ, ಯಾರ ಬಳಿ, ಎಷ್ಟು ಹೊತ್ತಿಗೆ ಎಂಬುದರ ಸಮೇತ. "ಯಾವಾಗಲೂ", "ಸ್ವಭಾವ" ಎಂಬ ಪದಗಳು ಬಂದರೆ ಹೊಡೆದುಹಾಕಿ. ಸರಿಯಾಗಿ ಮಾಡಿದ್ದೂ ಒಂದಿದ್ದರೆ ಬರೆಯಿರಿ. ಸಮಾಧಾನಕ್ಕಲ್ಲ, ಅದನ್ನು ಬಿಟ್ಟರೂ ಲೆಕ್ಕ ಸುಳ್ಳಾಗುತ್ತದೆ. ಒಂದೇ ವಿಷಯ ಮೂರು ದಿನ ಬಂದರೆ ಬರೆಯುವುದನ್ನು ನಿಲ್ಲಿಸಿ ಹೋಗಿ ಮಾತಾಡಿ.

ಇವರು ಹೆಂಡತಿಯ ಬಳಿ ಒಳಗೆ, ಒಬ್ಬರೇ ಇರುವಾಗ ಹೇಳುತ್ತೇನೆ ಎಂದರು. ನಾನು ಒಪ್ಪಲಿಲ್ಲ. ಬೈದದ್ದು ಕೆಲಸದವರ ಎದುರು, "ಟರ್ಪಾಲು ಒಯ್ದದ್ದು ನಾನೇ" ಎಂಬುದೂ ಅವರ ಎದುರೇ ಬರಬೇಕು. ಒಂದು ವಾರ ತೆಗೆದುಕೊಂಡರು, ಹೇಳಿದರು.

ಈ ಕ್ರಮ ಎಲ್ಲರಿಗೂ ಅಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಹಸಿವು, ಆಸಕ್ತಿ ಕುಗ್ಗಿದ್ದರೆ ಪುಸ್ತಕ ಬದಿಗಿಟ್ಟು ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು.